ಬಾಳವ್ವನ ವಸಡು

ದೇಹ ದೇವರು ಕೊಟ್ಟ ಮನೆ ಎಂದು ಈಗಷ್ಟೇ ಪ್ರವಚನದಲ್ಲಿ ಹೇಳಿದೆ. ನೀವೆಲ್ಲ ತಲೆದೂಗಿದಿರಿ. ತಲೆದೂಗುವುದು ಸುಲಭ. ಆ ಮನೆಯ ಬಾಗಿಲಲ್ಲೇ ಕೀವು ಸೋರುತ್ತಿದ್ದರೂ ಸುಮ್ಮನಿದ್ದವರ ಸಂಗತಿ ಹೇಳುತ್ತೇನೆ, ಕೇಳಿ.

ಒಂದೂರಲ್ಲಿ ಎತ್ತಿನ ವ್ಯಾಪಾರ ಮಾಡಿ ಸಿರಿವಂತನಾದ ಸಾಹುಕಾರನೊಬ್ಬ ಇದ್ದ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ‘ಅದು ಅವರ ಮನೆಯ ಮಾತು’ ಎಂದು ನೀವು ಪಾರಾಗುತ್ತೀರಿ. ಅವನ ಹೆಂಡತಿಯ ಹೆಸರು ಬಾಳವ್ವ. ಇದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಆ ಮನೆಯಲ್ಲಿ ಅವಳ ಹೆಸರು ಹಿಡಿದು ‘ಹೇಗಿದ್ದೀ’ ಎಂದು ಕೇಳಿದವರು ಯಾರೂ ಇರಲಿಲ್ಲ.

ಸಾಹುಕಾರ ಸಂತೆಯಲ್ಲಿ ಎತ್ತು ಕೊಳ್ಳುವಾಗ ಮೊದಲು ಅದರ ಬಾಯಿ ತೆರೆಸುತ್ತಿದ್ದ. ತುಟಿ ಎತ್ತಿ ಹಲ್ಲು ನೋಡುವನು, ಹೆಬ್ಬೆರಳಿನಿಂದ ವಸಡು ಒತ್ತುವನು. ವಸಡು ಸರಿಯಿಲ್ಲದ ಎತ್ತು ಮೇವು ತಿನ್ನುವುದಿಲ್ಲ, ಮೇವು ತಿನ್ನದ ಎತ್ತು ದುಡಿಯುವುದಿಲ್ಲ. ಇದು ಅವನಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಒಂದು ದಿನ ಬಾಳವ್ವ ರೊಟ್ಟಿ ಕಚ್ಚಿದಳು. ರೊಟ್ಟಿಯ ಮೇಲೆ ರಕ್ತ ಮೂಡಿತು. ಚಹಾ ಕೊಡುವಾಗ ಗಂಡನಿಗೆ ಹೇಳಿದಳು.

“ಹಲ್ಲು ತಿಕ್ಕಿದ್ರ ರಕ್ತ ಬರ್ತೈತ್ರಿ. ವಸಡು ಬಾತಾವು.”

“ಕೆಟ್ಟ ರಕ್ತ ಹೋದ್ರ ಒಳ್ಳೇದ ಆತು ಬಿಡು,” ಎಂದ ಅವನು. “ವಸಡಿನ ಬ್ಯಾನಿಗೆ ಯಾರರ ಸತ್ತಾರೇನು?”

ಅವಳು ಬಿಟ್ಟಳು. ಏನು ಮಾಡಿಯಾಳು? ನೋವಾದಾಗ ತಂಬಾಕಿನ ಪುಡಿ ತಿಕ್ಕಿಕೊಂಡಳು. ಅದು ನೋವನ್ನು ಮರೆಸಿತು, ರೋಗವನ್ನು ಒಳಗೇ ಬೆಳೆಸಿತು. ಬಾಯಿ ನಾರತೊಡಗಿದ್ದರಿಂದ ಸೆರಗು ಅಡ್ಡ ಹಿಡಿದು ಮಾತಾಡುವುದನ್ನು ಕಲಿತಳು. ರೊಟ್ಟಿ ಬಿಟ್ಟು, ಅನ್ನವನ್ನು ಕಿವುಚಿ ನುಂಗತೊಡಗಿದಳು.

ಅವಳಿಗೆ ಸಕ್ಕರೆ ಕಾಯಿಲೆಯೂ ಇತ್ತು. ತಪ್ಪದೆ ಗುಳಿಗೆ ನುಂಗುವಳು, ಸಪ್ಪೆ ಚಹಾ ಕುಡಿಯುವಳು. ಆದರೂ ಪರೀಕ್ಷೆ ಮಾಡಿಸಿದಾಗಲೆಲ್ಲ ಸಕ್ಕರೆ ಏರಿಯೇ ಇರುತ್ತಿತ್ತು. ಆಗ ಮನೆಯವರು ಏನೆಂದರು ಗೊತ್ತೇ? ಕದ್ದು ತಿನ್ನುತ್ತಾಳೆ ಎಂದರು. ಸೊಸೆ ಡಬ್ಬಿಗಳನ್ನು ಮುಚ್ಚಿಟ್ಟಳು. ಸಾಹುಕಾರ ಬೆಲ್ಲವಿಟ್ಟ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

“ನಾ ತಿಂದಿಲ್ರಿ,” ಎಂದಳು ಬಾಳವ್ವ. “ದೇವರಾಣಿ ತಿಂದಿಲ್ಲ.”

“ಮತ್ತ ಸಕ್ಕರಿ ಎಲ್ಲಿಂದ ಬರ್ತೈತಿ, ಮಳಿ ಸುರದಂಗ ಸುರೀತೈತೇನು?” ಎಂದ ಗಂಡ. ಎಲ್ಲರೂ ನಕ್ಕರು. ಮೊಮ್ಮಕ್ಕಳ ಎದುರಿನಲ್ಲಿ, ತನ್ನ ಕೈಯಿಂದಲೇ ಉಂಡವರ ಎದುರಿನಲ್ಲಿ, ಅವಳು ಕಳ್ಳಿಯಾಗಿ ನಿಂತಳು.

ಮುಂದೊಂದು ಮುಂಜಾನೆ ಅವಳ ದವಡೆ ಬಾತು ಕುತ್ತಿಗೆಯವರೆಗೂ ಬಿಗಿಯಿತು. ಉಗುಳು ನುಂಗಲಾಗಲಿಲ್ಲ, ಉಸಿರಿಗೂ ಒದ್ದಾಟ. ಆಗ ಗಾಬರಿಯಾಗಿ ಜೀಪಿನಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ಕೀವು ತೆಗೆದರು, ಅಲುಗಾಡುತ್ತಿದ್ದ ಹಲ್ಲುಗಳನ್ನೆಲ್ಲ ಕಿತ್ತರು. ಜೀವ ಉಳಿಯಿತು.

ಹಲ್ಲಿನ ಡಾಕ್ಟರಮ್ಮ ಸಾಹುಕಾರನನ್ನು ಕರೆದು ಕೇಳಿದಳು: “ಯಾವಾಗಿಂದ ರಕ್ತ ಬರ್ತಿತ್ತು?”

ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ಬಾಯಿ ಬರದೆ, “ಅಕಿ ಬೆಲ್ಲ ತಿಂತಾಳ್ರಿ,” ಎಂದ.

“ನಿಮ್ಮ ಉದ್ಯೋಗ ಏನ್ರಿ?”

“ಎತ್ತಿನ ವ್ಯಾಪಾರ.”

“ಹಂಗಾದ್ರ ನಿಮಗ ತಿಳೀತೈತಿ. ಬರ್ರಿ, ನೋಡ್ರಿ,” ಎಂದು ಅವಳು ಬಾಳವ್ವನ ತುಟಿ ಸರಿಸಿ ದೀಪ ಹಿಡಿದಳು.

ಸಾಹುಕಾರ ಬಗ್ಗಿ ನೋಡಿದ. ಮದುವೆಯಾದಂದಿನಿಂದ ಅದೇ ಮೊದಲ ಸಲ. ಉಳಿದ ಹಲ್ಲುಗಳ ಬುಡದಲ್ಲಿ ವಸಡು ಕರಗಿ, ಕಪ್ಪಾಗಿ, ಹುಣ್ಣಾಗಿತ್ತು.

“ವಸಡಿನ್ಯಾಗ ಕೀವು ಇರೂತನಕ ಸಕ್ಕರಿ ಹತೋಟಿಗೆ ಬರೂದು ಕಷ್ಟ ಐತ್ರಿ,” ಎಂದಳು ಡಾಕ್ಟರಮ್ಮ. “ಸಕ್ಕರಿ ಇಳೀದಿದ್ರ ವಸಡೂ ಮಾಯಂಗಿಲ್ಲ. ಅವರ ಮ್ಯಾಲೆ ಕಳವು ಹೊರಿಸಬ್ಯಾಡ್ರಿ.”

ವಸಡು ಮಾಯುತ್ತ ಬಂದಂತೆ ಅದೇ ಗುಳಿಗೆಯಿಂದ ಸಕ್ಕರೆಯೂ ಇಳಿಯಿತು. ಸಾಹುಕಾರ ಕಪಾಟಿನ ಕೀಲಿ ಬಿಚ್ಚಿ ಹೆಂಡತಿಯ ಮುಂದಿಟ್ಟ. ಅವಳು ಮುಟ್ಟಲಿಲ್ಲ.

“ನನಗ ಬೆಲ್ಲ ಬೇಕಾಗಿರಲಿಲ್ರಿ,” ಎಂದಳು. “ತಿಂದಿಲ್ಲ ಅಂದಾಗ ಒಬ್ಬರರ ನಂಬಿದ್ರ ಸಾಕಿತ್ತು.”



ಈಗ ನೀವು ಮನಸ್ಸಿನಲ್ಲೇ ಸಾಹುಕಾರನನ್ನು ಬೈಯುತ್ತಿದ್ದೀರಿ. ನೋಡಿ, ಬೈದು ಕೈ ತೊಳೆದುಕೊಳ್ಳಬೇಡಿ. ಗಾಡಿಯ ಚಕ್ರದಲ್ಲಿ ಗಾಳಿ ಎಷ್ಟಿದೆ ನಿಮಗೆ ಗೊತ್ತು. ಮೋಟಾರಿನ ಸದ್ದು ಸ್ವಲ್ಪ ಬದಲಾದರೂ ಗೊತ್ತಾಗುತ್ತದೆ. ನಿಮಗೆ ಬಡಿಸುವವಳು ಎಂದಿನಿಂದ ಒಂದೇ ಕಡೆ ಅಗಿಯುತ್ತಿದ್ದಾಳೆ, ಗೊತ್ತೇ? ನಿಮ್ಮದೇ ಬಾಯಿಂದ ಉಗುಳಿದ ಕೆಂಪನ್ನು ನೀರು ಸುರಿದು ಮರೆತವರು ಇಲ್ಲಿ ಎಷ್ಟು ಜನ? ದೇವರ ನಾಮ ನುಡಿಯುವ ಬಾಯಲ್ಲಿ ಗುಟ್ಕಾ ತುರುಕಿಕೊಂಡು ಬಂದು ಇಲ್ಲಿ ಕೈಮುಗಿಯುತ್ತೀರಿ. ನಾಚಿಕೆಯಾಗಬೇಕು.

ಮಾಡಬೇಕಾದದ್ದು ದೊಡ್ಡದೇನಲ್ಲ. ಮುಂಜಾನೆ ತಿಕ್ಕಿದಂತೆ ಮಲಗುವ ಮುನ್ನವೂ ಹಲ್ಲು ತಿಕ್ಕಿ, ವಸಡಿನ ಅಂಚಿನವರೆಗೂ, ಮೆತ್ತನೆಯ ಬ್ರಷ್‌ನಿಂದ. ಇದ್ದಿಲು, ಇಟ್ಟಿಗೆ ಪುಡಿ, ತಂಬಾಕು ಬಿಡಿ. ಸಕ್ಕರೆ ಕಾಯಿಲೆ ಇದ್ದವರು ನೋವು ಬರಲೆಂದು ಕಾಯದೆ ಹಲ್ಲಿನ ಡಾಕ್ಟರಿಗೆ ತೋರಿಸಿ. ರಕ್ತ ಬಂದರೆ ಯಾರೇ ಆಗಲಿ ಹೋಗಿ.

ಇನ್ನೊಂದು ಮಾತು. ಇಂದು ಮನೆಗೆ ಹೋದವರು ಊಟಕ್ಕೆ ಕೂರುವ ಮೊದಲು ಬಡಿಸುವವಳನ್ನು ಕೇಳಿ, ‘ಹಲ್ಲು ತಿಕ್ಕುವಾಗ ರಕ್ತ ಬರುತ್ತದೆಯೇ?’ ಎಂದು. ಅವಳು ‘ಏನಿಲ್ಲ ಬಿಡ್ರಿ’ ಎನ್ನುತ್ತಾಳೆ. ಬಿಡಬೇಡಿ. ಇನ್ನೊಮ್ಮೆ ಕೇಳಿ. ಅವಳು ಹೇಳಿದ್ದನ್ನು ನಂಬಿ.