ಕ್ವಾರಿಯ ಬೋರ್ಡು ಬರೆದವನು

ಈ ಸಭೆಯ ಅಧ್ಯಕ್ಷರೂ ಗೆಳೆಯರ ಬಳಗದ ಯಜಮಾನರೂ ಆದ ಶ್ರೀ ಮುನಿರಾಜು ಅವರೇ, ಮೂರು ದಿನ ನಮ್ಮ ಮಕ್ಕಳಿಗೆ ಕ್ಯಾಲಿಗ್ರಫಿ ಕಲಿಸಿದ ನವ್ಯ ಮೇಡಂ ಅವರೇ, ಶಿಬಿರದ ವಿದ್ಯಾರ್ಥಿಗಳೇ, ಅವರ ತಂದೆತಾಯಿಗಳೇ, ಹಿಂದಿನ ಸಾಲಿನಲ್ಲಿ ಕೂತು ರೈಲಿನ ಹೊತ್ತು ನೋಡಿಕೊಳ್ಳುತ್ತಿರುವ ಸಭಿಕರೇ,

ಈಗ ಗಂಟೆ ಐದೂ ಮುಕ್ಕಾಲು. ಬೆಳಗ್ಗೆ ಹತ್ತಕ್ಕೆ ಶುರುವಾಗಬೇಕಿದ್ದ ಕಾರ್ಯಕ್ರಮ ಹನ್ನೊಂದೂವರೆಗೆ ಶುರುವಾಯಿತು. ಮಕ್ಕಳು ಬರೆದ ಹಾಳೆಗಳನ್ನು ಗೋಡೆಗೆ ಅಂಟಿಸಿದರು. ಮಧ್ಯಾಹ್ನ ಪುಳಿಯೋಗರೆ ಊಟವಾಯಿತು. ನಾಲ್ವರು ಮಾತಾಡಿದರು. ನನಗೆ ಶಾಲು ಹೊದಿಸಿದರು, ಫಲಕ ಕೊಟ್ಟರು. ಈ ದಿನ ಇಷ್ಟು ನಡೆದಿದೆ. ಉಳಿದಿರುವುದು ನನ್ನ ಮಾತು.

ನಾನು ಮಾತಿನವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ದಿನಕ್ಕೆ ನಾಲ್ಕು ಸಾಲು ಡೈರಿ ಬರೆಯುವ ಅಭ್ಯಾಸವಿದೆ, ಅಷ್ಟೇ. ಆದ್ದರಿಂದ ಬರೆದುಕೊಂಡು ಬಂದಿದ್ದೇನೆ, ಓದುತ್ತೇನೆ, ಇವತ್ತು ಇಲ್ಲಿ ಕಂಡದ್ದನ್ನು ನಡುವೆ ಸೇರಿಸುತ್ತೇನೆ. ವಿನ್ಯಾಸದ ತತ್ವಗಳನ್ನು ಹಿಡಿದುಕೊಂಡು ಅಕ್ಷರಕಲೆಯ ಪ್ರಾಜೆಕ್ಟುಗಳನ್ನು ಯೋಚಿಸುವುದು ಹೇಗೆ, ಇದು ನನಗೆ ಕೊಟ್ಟ ವಿಷಯ. ಹತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತೆಂಟು ವರ್ಷದಿಂದ ಬೋರ್ಡು ಬರೆದವನಿಗೆ ಹತ್ತು ನಿಮಿಷ ಸಾಕು.

ನವ್ಯ ಮೇಡಂ ಪರದೆಯ ಮೇಲೆ ತೋರಿಸಿದ್ದನ್ನು ನಾನೂ ಹಿಂದೆ ನಿಂತು ನೋಡಿದೆ. ಖಾಲಿ ಜಾಗವೂ ಅಕ್ಷರದಷ್ಟೇ ಮುಖ್ಯ ಎಂದರು. ನಿಜ. ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡದಿದ್ದರೆ ಅದು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಸಾಲನ್ನು ನಡುವಿನಿಂದ ಅಳೆಯಬೇಕು ಎಂದರು. ಅದೂ ನಿಜ. ನಾವು ಅಕ್ಷರ ಎಣಿಸಿ, ನಡುವಿನ ಅಕ್ಷರವನ್ನು ಮೊದಲು ಬರೆದು, ಆಮೇಲೆ ಎಡಕ್ಕೂ ಬಲಕ್ಕೂ ಹೋಗುತ್ತೇವೆ. ಹಾಗೆ ಮಾಡದವರ ಬೋರ್ಡಿನಲ್ಲಿ ಕೊನೆಯ ಅಕ್ಷರಗಳು ಬಂಗಾರಪೇಟೆಯ ಬೆಳಗಿನ ರೈಲಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿರುತ್ತವೆ.

ಕೊನೆಗೆ ಮೇಡಂ ಒಂದು ತತ್ವ ಹೇಳಿದರು. ಯಾವುದನ್ನು ಜನ ಮೊದಲು ಓದಬೇಕೋ ಅದು ದೊಡ್ಡದಾಗಿರಬೇಕು, ಯಾವುದು ಆಮೇಲೋ ಅದು ಚಿಕ್ಕದಾಗಿರಬೇಕು. ಮಕ್ಕಳೇ, ನೀವೆಲ್ಲ ಅದನ್ನು ಪುಸ್ತಕದಲ್ಲಿ ಬರೆದುಕೊಂಡಿರಿ. ನಾನು ಮಾತ್ರ ಹೊರಗೆ ಹೋದೆ. ಯಾಕೆ ಹೋದೆ ಎಂದು ಯಾರೂ ಕೇಳಲಿಲ್ಲ. ಈಗ ಹೇಳುತ್ತೇನೆ.

ನನಗೆ ಕುಂಚ ಹಿಡಿಯಲು ಕಲಿಸಿದವರು ಚಾಂಪಿಯನ್ ರೀಫ್ಸಿನ ಪೆರುಮಾಳ್. ಅಲ್ಲಿನ ಚಿನ್ನದ ಗಣಿಗೆ ಬೋರ್ಡು ಬರೆಯುತ್ತಿದ್ದ ಮನುಷ್ಯ. ಒಂದೇ ತಗಡಿನ ಮೇಲೆ ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಬರೆಯುತ್ತಿದ್ದರು, ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು. ಅವರ ಬೋರ್ಡುಗಳಲ್ಲಿ ಅಪಾಯ ಎನ್ನುವ ಮಾತು ಬಿಟ್ಟರೆ ದೊಡ್ಡದು ಇನ್ನೇನೂ ಇರುತ್ತಿರಲಿಲ್ಲ. ಒಂದು ಸಲ ನಾನು ಮೂಲೆಯಲ್ಲಿ ನನ್ನ ಹೆಸರು ಬರೆದಿದ್ದೆ. ಅವರು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಹಾಕಿದರು.

"ಕೆಳಗೆ ಇಳಿಯೋನ್ಗೆ ನಿನ್ ಪೇರು ಏನಕ್ಕಪ್ಪಾ? ಅವನ್ ತಲೆ ಉಳೀಬೇಕು, ಅಷ್ಟೇ" ಎಂದರು.

ಗಣಿ ನಿಂತಿತು. ಪೆರುಮಾಳ್ ತೀರಿಕೊಂಡರು. ನಾನು ಬಂಗಾರಪೇಟೆಗೆ ಬಂದು ಅಂಗಡಿ ಬೋರ್ಡು ಬರೆಯತೊಡಗಿದೆ. ಇಲ್ಲಿ ಬೇರೆಯೇ ಪದ್ಧತಿ ಕಲಿತೆ. ನಮ್ಮಲ್ಲಿ ಏನನ್ನು ಕೊಟ್ಟರೂ ಕೊಟ್ಟವರ ಹೆಸರು ಅದರ ಮೇಲೆ ಇರಬೇಕು. ಬೆಂಚು ಕೊಟ್ಟರೆ ಬೆಂಚಿನ ಬೆನ್ನಿಗೆ, ನೀರಿನ ತೊಟ್ಟಿ ಕೊಟ್ಟರೆ ತೊಟ್ಟಿಯ ಹೊಟ್ಟೆಗೆ. ತಲೆ ಎತ್ತಿ ನೋಡಿ, ಈ ಫ್ಯಾನುಗಳ ರೆಕ್ಕೆಯ ಮೇಲೆ ಬರೆದವನು ನಾನೇ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ ಎಂದು ಒಬ್ಬ ದಾನಿಗಳು ಏಪ್ರಿಲ್ ತಿಂಗಳಲ್ಲಿ ಇಡೀ ಸಮಾರಂಭ ಮುಗಿಯುವವರೆಗೆ ಸ್ವಿಚ್ಚು ಮುಟ್ಟಲು ಬಿಡಲಿಲ್ಲ. ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ನಗುತ್ತಲೇ ಬರೆದೆ. ಈಗ ಕೊಟ್ಟ ಫಲಕದಲ್ಲಿಯೂ ನನ್ನ ಹೆಸರನ್ನು ಹುಡುಕಬೇಕಾಯಿತು, ಬಳಗದ ಹೆಸರಿನ ಕೆಳಗೆ ಇದೆ. ಬರೆದವನ ತಪ್ಪಲ್ಲ, ಅವನೂ ನನ್ನ ಹಾಗೆ ಹೇಳಿದ್ದನ್ನು ಬರೆದಿದ್ದಾನೆ.

ಬೇತಮಂಗಲದ ದಾರಿಯಲ್ಲಿ, ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿ ಇದೆ. ಮಳೆನೀರು ತುಂಬಿ ಕುಂಟೆಯ ಹಾಗೆ, ಸಣ್ಣ ಕೆರೆಯ ಹಾಗೆ ಕಾಣುತ್ತದೆ. ದಡದಿಂದ ಎರಡು ಹೆಜ್ಜೆ ಮೊಣಕಾಲುದ್ದ ನೀರು, ಮೂರನೇ ಹೆಜ್ಜೆಗೆ ಅರವತ್ತು ಅಡಿ. ಎರಡು ವರ್ಷದ ಹಿಂದೆ ಗೆಳೆಯರ ಬಳಗದವರು ಅಲ್ಲಿಗೆ ಎಚ್ಚರಿಕೆಯ ಬೋರ್ಡು ಕೊಟ್ಟರು. ಒಳ್ಳೆಯ ಕೆಲಸ, ಇಲ್ಲ ಎನ್ನುವುದಿಲ್ಲ. ಬರೆಯಲು ನನ್ನನ್ನು ಕರೆದರು. ಅಧ್ಯಕ್ಷರೇ, ಅಂದು ನೀವು ಕಾರಿನಿಂದ ಇಳಿದು ನನಗೆ ಒಂದು ಮಾತು ಹೇಳಿದಿರಿ. ನಿಮಗೆ ಮರೆತಿರಬಹುದು, ನನ್ನ ಡೈರಿಯಲ್ಲಿದೆ.

"ಬಚ್ಚಪ್ಪಾ, ಎಸ್ರು ರೋಡ್ನಾಗ್ ಓಗೋರ್ಗೇ ಕಾಣ್ಬೇಕು ಕಣಪ್ಪ."

ಕಾಣುವ ಹಾಗೆಯೇ ಬರೆದೆ. ಎಂಟು ಅಡಿ ಬೋರ್ಡಿನಲ್ಲಿ ಐದು ಅಡಿ ನಿಮ್ಮ ಹೆಸರಿಗೆ. ಹಳದಿಯ ಮೇಲೆ ನೀಲಿ, ನೀಲಿಗೆ ಕಪ್ಪು ನೆರಳು, ನೆರಳಿನ ಅಂಚಿಗೆ ಬಿಳಿ ಗೆರೆ. ಅದರ ಕೆಳಗೆ ಬಳಗದ ಹೆಸರು, ಪದಾಧಿಕಾರಿಗಳ ಹೆಸರು. ಎಲ್ಲಕ್ಕೂ ಕೆಳಗೆ, ಉಳಿದ ಜಾಗದಲ್ಲಿ, ನೀರು ಆಳವಿದೆ ಇಳಿಯಬೇಡಿ ಎಂದು ನಾಲ್ಕು ಬೆರಳೆತ್ತರದ ಒಂದು ಸಾಲು. ಒಂದು ಮಳೆಗಾಲ ಕಳೆಯುವುದರೊಳಗೆ ಆ ಸಾಲಿನ ಮುಂದೆ ಪಾರ್ಥೇನಿಯಂ ಗಿಡ ಬೆಳೆದುಕೊಂಡಿತು.

ನನ್ನ ಮಗಳು ಅಂಬಿಕ ಆಗ ಕೋಲಾರದಲ್ಲಿ ಗ್ರಾಫಿಕ್ ಡಿಸೈನ್ ಡಿಪ್ಲೊಮಾ ಓದುತ್ತಿದ್ದಳು. ಅವಳಿಗೂ ನಿಮ್ಮ ಹಾಗೆಯೇ ಪ್ರಾಜೆಕ್ಟು ಕೊಟ್ಟಿದ್ದರು, ಊರಿನ ಒಂದು ಬರಹವನ್ನು ತೆಗೆದುಕೊಂಡು ಮತ್ತೆ ವಿನ್ಯಾಸ ಮಾಡಿ ಎಂದು. ಅವಳು ಆರಿಸಿಕೊಂಡದ್ದು ಈ ಬೋರ್ಡನ್ನೇ. ಬಣ್ಣ ಇನ್ನೂ ಒಣಗಿರಲಿಲ್ಲ, ಬಂದು ನೋಡಿದಳು.

"ಅಪ್ಪಾ, ಮುನಿರಾಜಣ್ಣ ಆಕಾಸ್ದಾಗವ್ರೆ, ನೀರಿಗಿಳೀಬ್ಯಾಡಿ ಅನ್ನೋದು ನೆಲ್ದಾಗೈತೆ. ಸಾಯೋನು ಯಾವ್ದನ್ನ ಮೊದ್ಲು ಓದ್ತಾನೆ?"

ನಾನು ಹೇಳಿದೆ, "ಕೊಟ್ಟೋರ ಎಸ್ರು ಚಿಕ್ದು ಮಾಡಿದ್ರೆ ಇನ್ನೊಂದ್ ಬೋರ್ಡ್ ಕೊಡ್ತಾರೇನಮ್ಮ? ಸುಮ್ಕೆ ಓಗು."

ಅವಳು ಮನೆಗೆ ಹೋದಳು. ಪುಸ್ತಕದಲ್ಲಿ ತನ್ನ ಬೋರ್ಡು ಬರೆದಳು. ಇಳಿಯಬೇಡಿ ಎನ್ನುವ ಒಂದೇ ಮಾತು, ಕೆಂಪಿನಲ್ಲಿ, ಹಾಳೆ ತುಂಬ. ಅದರ ಸುತ್ತ ಖಾಲಿ ಜಾಗ. ಹೆಸರುಗಳೆಲ್ಲ ಕೆಳಗೆ ಸಣ್ಣಗೆ. ನಾನು ನೋಡಿ, ಬಣ್ಣದ ಕೆಲಸ ಕಮ್ಮಿ ಇದೆ ಎಂದೆ. ಅಪ್ಪನಾದವನು ಹೇಳಿದ ಮಾತು ಅದು.

ಹೋದ ವರ್ಷ ಅವಳಿಗೆ ಮದುವೆ ಮಾಡಿದೆ. ಹುಡುಗನ ಹೆಸರು ಗಿರಿ, ಮುಳಬಾಗಿಲ ಕಡೆಯವನು, ಸ್ವಂತ ಟೆಂಪೋ ಇತ್ತು. ಈ ಸೀಮೆಯ ದಾರಿ ಅವನಿಗೆ ಹೊಸದು. ಮದುವೆಯಾಗಿ ಎಂಟು ತಿಂಗಳಿಗೆ, ಏಪ್ರಿಲ್ ಹತ್ತೊಂಬತ್ತರಂದು, ಬೇತಮಂಗಲದಲ್ಲಿ ಮೇವು ಇಳಿಸಿ, ಅಂಬಿಕ ಬಂದಿದ್ದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಬಿಸಿಲ ಹೊತ್ತು. ನೀರು ಕಂಡು ಗಾಡಿ ನಿಲ್ಲಿಸಿದ. ಬೋರ್ಡು ನೋಡಿದ. ನೋಡಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ, ಯಾಕೆಂದರೆ ಅದರ ಫೋಟೋ ತೆಗೆದು ಅಂಬಿಕಳ ಫೋನಿಗೆ ಕಳಿಸಿದ್ದಾನೆ. ಜೊತೆಗೆ ತನ್ನ ದನಿಯಲ್ಲೇ ಒಂದು ಮಾತು ಕಳಿಸಿದ್ದಾನೆ.

"ನಿಮ್ಮಪ್ಪಂದು ಕೈ ಅಂದ್ರೆ ಕೈ ಕಣೇ. ಆ ನೆರಳು ನೋಡು, ಎಂಗ್ ಎತ್ತವ್ರೆ. ಮೈ ತೊಳ್ಕೊಂಡ್ ಬತ್ತೀನಿ, ಅನ್ನಕ್ಕಿಡು."

ಅಂಬಿಕ ಅದನ್ನು ನೋಡಿ ಫೋನು ಮಾಡಿದಳು. ಹನ್ನೆರಡು ಸಲ ಮಾಡಿದಳು. ಫೋನು ಟೆಂಪೋದ ಸೀಟಿನ ಮೇಲಿತ್ತು.

ಸಭಿಕರೇ, ನನ್ನ ಅಳಿಯ ಓದು ಬಾರದವನಲ್ಲ. ಓದಿದ. ನಾನು ಯಾವುದನ್ನು ಮೊದಲು ಓದಲು ಹೇಳಿದೆನೋ ಅದನ್ನೇ ಓದಿದ, ಮೆಚ್ಚಿದ, ನೀರಿಗಿಳಿದ. ಇಷ್ಟು ಚೆನ್ನಾಗಿ ನನ್ನ ಬರಹವನ್ನು ಓದಿದವನು ಇನ್ನೊಬ್ಬನಿಲ್ಲ.

ಹದಿನೈದು ದಿನ ಕಳೆದ ಮೇಲೆ ಬಳಗಕ್ಕೆ ಹೋದೆ. ಬೋರ್ಡನ್ನು ಬದಲಿಸಿ ಬರೆಯುತ್ತೇನೆ, ಬಣ್ಣವೂ ನನ್ನದೇ, ಒಪ್ಪಿಗೆ ಕೊಡಿ ಎಂದು ಕೇಳಿದೆ. ಕಮಿಟಿಯಲ್ಲಿಡುತ್ತೇವೆ ಎಂದರು. ಎರಡನೇ ಸಲ ಹೋದಾಗ, ದೊಡ್ಡ ಬೋರ್ಡು ಹಾಗೆಯೇ ಇರಲಿ, ಪಕ್ಕದಲ್ಲಿ ಒಂದು ಚಿಕ್ಕ ಬೋರ್ಡು ಮುಂದಿನ ವರ್ಷ ನೋಡೋಣ ಎಂದರು. ಮೂರನೇ ಸಲ ಅಧ್ಯಕ್ಷರೇ ಸಿಕ್ಕರು. ಪ್ರೀತಿಯಿಂದಲೇ ಹೆಗಲ ಮೇಲೆ ಕೈ ಹಾಕಿದರು.

"ಬೋರ್ಡ್ನಿಂದ ಯಾರನಾ ಸಾಯ್ತಾರೇನಪ್ಪಾ? ಅವ್ನ ಅಣೆಬರ ಅಂಗಿತ್ತು" ಎಂದರು.

ಹಣೆಬರಹ ಯಾರು ಬರೆದರೋ ನಾನು ಕಾಣೆ ಸ್ವಾಮಿ. ಬೋರ್ಡು ಬರೆದವನು ನಾನು.

ಆಮೇಲೆ ನನ್ನನ್ನು ಸನ್ಮಾನಕ್ಕೆ ಕರೆದರು. ಶಾಲು ಹೊದಿಸಿದರೆ ಇವನು ಸುಮ್ಮನಾಗುತ್ತಾನೆ ಎಂದುಕೊಂಡರೋ, ನಿಜವಾಗಿ ಗೌರವವೋ, ನನಗೆ ತಿಳಿಯದು. ಬಂದೆ. ಬರಬಾರದು ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಅಂಬಿಕ ನನ್ನನ್ನು ಈವರೆಗೆ ಒಂದು ಮಾತು ಅಂದಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು, ಅದು ಅವಳಿಗೂ ಗೊತ್ತು, ಆದ್ದರಿಂದಲೇ ಅನ್ನುವುದಿಲ್ಲ ಎಂದು ಕಾಣುತ್ತದೆ. ಹೋದ ವಾರ ತನ್ನ ಪುಸ್ತಕದಿಂದ ಆ ಹಾಳೆ ಹರಿದು ನನ್ನ ಕುಂಚದ ಡಬ್ಬಿಯ ಮೇಲೆ ಇಟ್ಟಳು. ಅಷ್ಟೇ.

ಮಕ್ಕಳೇ, ನಿಮಗೆ ಪ್ರಾಜೆಕ್ಟು ಬೇಕಲ್ಲವೇ? ಸುಭಾಷಿತಗಳನ್ನು ಬಳ್ಳಿ ಸುತ್ತಿ ಬರೆದದ್ದು ಸಾಕು. ಚೆನ್ನಾಗಿವೆ, ಗೋಡೆಗೆ ಒಪ್ಪುತ್ತವೆ. ಇನ್ನು ಹೊರಗೆ ಹೋಗಿ. ಔಷಧಿ ಅಂಗಡಿಯಲ್ಲಿ ಅಜ್ಜಿಯರು ಚೀಟಿ ಹಿಡಿದುಕೊಂಡು ಇನ್ನೊಬ್ಬರನ್ನು ಕೇಳುತ್ತಾರೆ, ಬೆಳಗ್ಗೆ ಯಾವುದು ರಾತ್ರಿ ಯಾವುದು ಎಂದು, ಅವರಿಗೆ ಬರೆದುಕೊಡಿ. ಬಸ್ಸಿನ ಬೋರ್ಡು ಓದಲಾಗದೆ ಓಡುವವರಿಗೆ ಬರೆಯಿರಿ. ಹಳೆಯ ಗಣಿಯ ಬಾಯಿಗಳ ಬೇಲಿಗೆ ಬರೆಯಿರಿ. ಕುಂಚ ಅದ್ದುವ ಮೊದಲು ಕೇಳಿಕೊಳ್ಳಿ, ಇದನ್ನು ಓದದಿದ್ದರೆ ನಷ್ಟ ಯಾರಿಗೆ? ಅವನಿಗೆ ಬೇಕಾದ ಮಾತು ದೊಡ್ಡದು. ಬೇರೆ ತತ್ವ ನನಗೆ ಗೊತ್ತಿಲ್ಲ. ಇದನ್ನೂ ನಾನು ತಡವಾಗಿ ಕಲಿತೆ.

ಅಧ್ಯಕ್ಷರೇ, ನಾಲ್ಕನೇ ಸಲ ನಿಮ್ಮ ಒಪ್ಪಿಗೆ ಕೇಳಲು ನಾನು ಇಲ್ಲಿ ನಿಂತಿಲ್ಲ. ತಿಳಿಸುತ್ತಿದ್ದೇನೆ. ನಾನು ಬರೆದದ್ದನ್ನು ನಾನೇ ಅಳಿಸುತ್ತೇನೆ. ಬೋರ್ಡು ಬಳಗದ್ದು, ನೀವು ದೂರು ಕೊಡಬಹುದು. ಫಲಕ ತೆಗೆದುಕೊಂಡೆ ಎಂದು ನನ್ನಿಂದ ಬರೆಸಿಕೊಂಡ ರಸೀದಿಯಲ್ಲಿ ನನ್ನ ವಿಳಾಸವಿದೆ. ನಿಮ್ಮ ಹೆಸರನ್ನು ಪೂರ್ತಿ ತೆಗೆಯುವುದಿಲ್ಲ, ಕೊಟ್ಟವರು ನೀವು. ಅದು ಕೆಳಗಿನ ಸಾಲಿನಲ್ಲಿರುತ್ತದೆ, ನಾಲ್ಕು ಬೆರಳೆತ್ತರ.

ಹತ್ತು ನಿಮಿಷ ಮೀರಿತು. ಇಷ್ಟು ಹೊತ್ತು ಎದ್ದು ಹೋಗದೆ ಕೂತು ಕೇಳಿದ್ದಕ್ಕೆ, ಮಧ್ಯದಲ್ಲಿ ಮೈಕು ಆರಿಸದಿದ್ದಕ್ಕೆ, ನಿಮ್ಮೆಲ್ಲರಿಗೂ ನಾನು ಋಣಿ. ಬಚ್ಚಪ್ಪನ ನಮಸ್ಕಾರ.

ನಾಳೆ ಬೆಳಗ್ಗೆ ಆರೂ ನಲವತ್ತಕ್ಕೆ ಬೇತಮಂಗಲದ ಬಸ್ಸು ಇದೆ. ಏಣಿ ಹಿಡಿಯಲು ಅಂಬಿಕ ಬರುತ್ತೇನೆ ಎಂದಿದ್ದಾಳೆ.