ಚಾಪೆಯ ಮೇಲಿನ ಕ್ಯಾಮೆರಾ

ನನ್ನ ಗಂಡ ಪ್ರಣವನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ ಶಿವಮೊಗ್ಗದಲ್ಲಿ ಭದ್ರಾವತಿ ಬಸ್ ಹತ್ತಿದೆ. ಅಲ್ಲಿನ ಸ್ಟುಡಿಯೊದಿಂದ ಅವನು ತಂದಿದ್ದ ಟ್ರೈಪಾಡನ್ನು ಹಿಂತಿರುಗಿಸಬೇಕಿತ್ತು. ಮುಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ಮೊಬೈಲಿನಲ್ಲಿ ತಮ್ಮದೇ ಕಿರುಚಿತ್ರ ನೋಡುತ್ತಿದ್ದರು.

“ಗೌರಿ, ಸರ್ ಹೇಳ್ದಂಗೆ ಮಾಡೇ ಮಾರಾಯ್ತಿ. ಅಜ್ಜಿ ಕಣ್ಣೀರಿನ ಕ್ಲೋಸಪ್ ಹಾಕು, ಹಿಂದೆ ಪಿಟೀಲು ಬಿಡು. ಇಲ್ಲಾಂದ್ರೆ ಸ್ಪರ್ಧೆಗೆ ಕಳ್ಸಲ್ವಂತೆ.”

“ಕಳ್ಸೋದು ಬೇಡ.”

“ನೋಡೋರು ಅಳ್ಬೇಕಲ್ವೇನೆ?”

“ಅಜ್ಜ ಹೋದಾಗ ಬಂದೋರೆಲ್ಲ, ಅಜ್ಜಿ ಅಳ್ತಾಳಾ ಅಂತಾನೇ ನೋಡ್ತಿದ್ರು. ನಾನೂ ಅದನ್ನೇ ತೋರಿಸ್ಲಾ?”

“ಅದಕ್ಕೆ ಅಜ್ಜಿನೇ ಕಾಣಿಸ್ಬಾರ್ದಾ?”

“ಅಜ್ಜಿ ಕೂತಿದ್ದ ಚಾಪೆ ಮೇಲೆ ಕ್ಯಾಮೆರಾ ಇಟ್ಟಿದ್ದೀನಿ. ಸಮಾಧಾನ ಹೇಳೋಕೆ ಬಗ್ಗೋರು ಅಲ್ಲಿಂದ ಹೇಗೆ ಕಾಣ್ತಾರೆ, ನೋಡು.”

“ಅಯ್ಯಪ್ಪ! ಆಕ್ಟ್ ಮಾಡೋಕೆ ಬಂದ ನಮ್ಮಮ್ಮನ್ನ ರಾಕ್ಷಸಿ ಮಾಡಿದ್ದೀಯಲ್ಲೇ! ಕೆಳಗಿಂದ ತೆಗೆಯೋದು ಹೀರೋನ ದೊಡ್ಡದಾಗಿ ತೋರಿಸೋಕೆ ಅಂದಿದ್ರು ಸರ್.”

“ಹದಿಮೂರು ದಿನ ಅಜ್ಜಿಗೆ ಎಲ್ರೂ ಅಷ್ಟೇ ದೊಡ್ಡೋರು.”

“ಸರ್ ಬಯ್ತಾರೆ.”

“ಬಯ್ಲಿ. ಒಂದು ಶಾಟೂ ಬದಲಾಯಿಸಲ್ಲ ಅಂತ ಈಗ್ಲೇ ಹೋಗಿ ಹೇಳ್ತೀನಿ. ಬರ್ತೀಯೋ, ಇಲ್ವೋ?”

“ಬರ್ತೀನಿ ಮಾರಾಯ್ತಿ. ಅಮ್ಮಂಗೆ ಮಾತ್ರ ಇದನ್ನ ತೋರಿಸ್ಬೇಡ.”

ಭದ್ರಾವತಿಯಲ್ಲಿ ಇಬ್ಬರೂ ನನಗಿಂತ ಮೊದಲೇ ಇಳಿದು ಕಾಲೇಜಿನ ಕಡೆ ನಡೆದರು.

ಸ್ಟುಡಿಯೊದ ವಿಷ್ಣುಪ್ರಸಾದರು ಟ್ರೈಪಾಡಿಗೆ ಕೈ ಚಾಚಲಿಲ್ಲ. ತಲೆ ವಾಲಿಸಿ ನನ್ನ ಕಣ್ಣುಗಳನ್ನೇ ನೋಡಿದರು.

“ಕೂತ್ಕೊಳ್ಳಮ್ಮ,” ಎಂದು ಕುರ್ಚಿ ಎಳೆದರು.

ನಾನು ಕೂರಲಿಲ್ಲ. ನಿಂತುಕೊಂಡೇ, ಅವರ ಮುಖವನ್ನು ನೇರವಾಗಿ ನೋಡುತ್ತಾ, ಟ್ರೈಪಾಡನ್ನು ಅವರ ಕೈಗೆ ಕೊಟ್ಟೆ.