ತೊಳೆಯದೆ ಬಿಟ್ಟ ಲೋಟ

ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಮಲ್ಲಾಜಮ್ಮ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಅಕ್ಕ ತಮ್ಮ ಇಬ್ಬರು ಟೀ ಕುಡಿಯುತ್ತಿದ್ದರು. ಬೇಡವೆಂದರೂ ಮಲ್ಲಾಜಮ್ಮನ ಕಿವಿ ಅತ್ತಲೇ ವಾಲಿತ್ತು.

“ಚೆನ್ನಾಗ್ ನಡೀತಿರೋ ಹೋಟ್ಲು ಯಾಕ್ಲಾ ಬುಡ್ತೀಯ, ಸಿದ್ಧಾರ್ಥ? ನಮ್ ಕೇರಿಗೆ ಅದೇ ಮೊದಲ್ನೇದು.”

“ಬುಡ್ತಿಲ್ಲ ಕಣಕ್ಕ, ನನ್ನೆಂಡ್ರು ರೋಜನ್ ಕೈಗೆ ಕೊಡ್ತಿವ್ನಿ. ಅವ್ಳಿಗೆ ಹೊಸದು ಅಂದ್ರೆ ಪ್ರಾಣ. ಆಗ್ಲೇ ಗೋಬಿ ಮಂಚೂರಿ ಸುರು ಮಾಡವ್ಳೆ.”

“ನಿಂಗೆ?”

“ಎರಡ್ ವರ್ಸ ಅಲ್ಲಿ ಟೀ ಕಾಯ್ಸಿದ್ರೂ ನನ್ ಕಣ್ಣು ಊರೊಳಗಿನ್ ಹೋಟ್ಲ ಮ್ಯಾಲೇ ಇತ್ತು. ನಮ್ ಜನದ ಲೋಟ ಸೂರಿನ್ ಕೆಳ್ಗೆ ಬ್ಯಾರೆ ಮಡಗಿದ್ರಲ್ಲ, ಅದು ಓಗ್ಬೇಕಿತ್ತು. ಹೊಸದು ಕಟ್ಟೋನಲ್ಲ ಕಣಕ್ಕ ನಾನು, ಇರೋದ್ನ ಸರಿ ಮಾಡೋನು. ಈಗ ಗೊತ್ತಾಯ್ತು.”

ಮಲ್ಲಾಜಮ್ಮನಿಗೆ ತಮ್ಮ ಮನೆಯ ಜಗಲಿ ಮೂಲೆಯಲ್ಲಿ ಕೇರಿಯವರಿಗೆಂದು ಬೇರೆ ಇಟ್ಟ ಲೋಟ ನೆನಪಾಯಿತು.

“ಓಯ್ತಾ?” ಅಕ್ಕ ಕೇಳಿದಳು.

“ಐದಾರು ಪಂಚಾಯ್ತಿ ಆದ್ಮ್ಯಾಲೆ ಸೋಮವಾರ ಓಯ್ತು. ಒಳಗ್ ಕುಂತು ಕುಡ್ದೆ. ಅಭ್ಯಾಸಕ್ಕೆ ಲೋಟ ತೊಳ್ಯಕ್ಕೆ ಎದ್ದೆ. ‘ಅಲ್ಲೇ ಮಡಗಪ್ಪ, ನಾವ್ ತೊಳ್ಕತೀವಿ’ ಅಂದ್ರು ಹೋಟ್ಲು ಯಜಮಾನ್ರು.”

ಅಕ್ಕ ತಮ್ಮನ ಬಸ್ಸು ಬಂದು ನಿಂತಿತು.

“ಇನ್ನರ್ಧ ಟೀ ಕುಡ್ದು ಅತ್ಕೊ.”

“ಬ್ಯಾಡ ಕಣಕ್ಕ. ಊರ್ಗೋಗಿ ಆ ಹೋಟ್ಲೊಳಗ್ ಕುಂತು ಕುಡೀತೀನಿ.”